ಕೆಳಗಿನ ಕೋಣೆಗೆ ಸೊನ್ನೆ

“ಯಾರು ನನ್ನ ಚಾರ್ಟ್ ಮೇಲೆ ಗೀಚಿದ್ದು? ಯಾರು?”

ಮೆಣಸು ಕೂಗಿದ ಕೂಗಿಗೆ ಮೆಟ್ಟಿಲ ಮೇಲೆ ಮಲಗಿದ್ದ ಬೆಕ್ಕು ಎದ್ದು ಓಡಿತು. ಸ್ಕೂಲ್ ಬ್ಯಾಗ್ ಇನ್ನೂ ಬೆನ್ನ ಮೇಲೇ ಇತ್ತು. ಅವಳು ತುದಿಗಾಲಲ್ಲಿ ನಿಂತು ನೋಟಿಸ್ ಬೋರ್ಡಿನತ್ತ ಕೈ ಚಾಚಿದ್ದಳು. ಎಷ್ಟು ಎಗರಿದರೂ ಎಟುಕುತ್ತಿರಲಿಲ್ಲ.

ಮೆಣಸು ಅನ್ನುವುದು ಅವಳ ನಿಜವಾದ ಹೆಸರಲ್ಲ. ಗಾತ್ರ ಕಾಳಿನಷ್ಟು, ಖಾರ ಮಾತ್ರ ಕೇಳಬೇಡಿ ಅಂತ ತಾತ ಇಟ್ಟ ಹೆಸರು. ಈಗ ಆ ಕಟ್ಟಡದ ಹದಿನಾರು ಮನೆಯವರೂ ಹಾಗೇ ಕರೆಯುತ್ತಾರೆ.

ಚಾರ್ಟು ಅವಳದೇ. ಹೋದ ವಾರ ಸಮಾಜದ ಮಿಸ್ ಜಿಡಿಪಿ ಪಾಠ ಮಾಡಿದ್ದರು. ಒಂದು ದೇಶದೊಳಗೆ ಒಂದು ವರ್ಷದಲ್ಲಿ ಹೊಸದಾಗಿ ತಯಾರಾದ ವಸ್ತುಗಳು, ದುಡ್ಡು ತೆಗೆದುಕೊಂಡು ಮಾಡಿಕೊಟ್ಟ ಕೆಲಸಗಳು, ಇವೆಲ್ಲದರ ಬೆಲೆಯನ್ನು ಕೂಡಿಸಿದರೆ ಬರುವ ದೊಡ್ಡ ಅಂಕಿ ಅದು. “ದೇಶದ್ದು ದೊಡ್ಡವರು ಕೂಡಿಸ್ತಾರೆ. ನೀವು ನಿಮ್ಮ ನಿಮ್ಮ ಕಟ್ಟಡದ್ದು, ಒಂದೇ ಒಂದು ವಾರದ್ದು ಕೂಡಿಸಿ ತನ್ನಿ ನೋಡೋಣ” ಎಂದಿದ್ದರು ಮಿಸ್.

ಮೆಣಸು ಪೆನ್ಸಿಲ್ ಕಿವಿಗೆ ಸಿಕ್ಕಿಸಿಕೊಂಡು ಎಲ್ಲ ಮನೆಯ ಬೆಲ್ ಒತ್ತಿದ್ದಳು. ಎರಡನೇ ಮಹಡಿಯ ಟೈಲರ್ ಆಂಟಿ ಹೊಲಿದು ಮಾರಿದ ಫ್ರಾಕುಗಳನ್ನು ಬರೆದುಕೊಂಡಳು. ಬಟ್ಟೆ, ದಾರ, ಗುಂಡಿಗಳನ್ನು ಬೇರೆಯಾಗಿ ಬರೆಯಲಿಲ್ಲ. ಅವುಗಳ ಬೆಲೆ ಫ್ರಾಕಿನ ಬೆಲೆಯೊಳಗೇ ಸೇರಿರುತ್ತದಲ್ಲ, ಎರಡು ಸಲ ಕೂಡಿಸಬಾರದು. ನರ್ಸ್ ಆಂಟಿ ತಮ್ಮ ಹಳೇ ಸೋಫಾ ಮಾರಿದ್ದರು. ಅದನ್ನೂ ಬರೆಯಲಿಲ್ಲ. ಅದು ತಯಾರಾಗಿದ್ದು ಎಷ್ಟೋ ವರ್ಷದ ಹಿಂದೆ. ಮೂರನೇ ಮಹಡಿಯ ಅಂಕಲ್ ಮನೆಯಲ್ಲಿ ಪೈಪ್ ಒಡೆದು ಗೋಡೆಯೆಲ್ಲ ನೆನೆದು ಹೋಗಿತ್ತು. ಪ್ಲಂಬರ್, ಗಾರೆ ಕೆಲಸದವರು, ಪೇಂಟರ್ ಅಂತ ಸಾಲುಗಟ್ಟಿ ಬಂದಿದ್ದರು. ಅದನ್ನೆಲ್ಲ ಬರೆದಳು. ಇಪ್ಪತ್ತೆಂಟು ಸಾವಿರ! ಇಡೀ ಚಾರ್ಟಿನಲ್ಲಿ ಅದೇ ದೊಡ್ಡ ಅಂಕಿ.

ಮಿಸ್ “ಒಂದೂ ತಪ್ಪಿಲ್ಲ” ಎಂದು ಸ್ಟಾರ್ ಕೊಟ್ಟಿದ್ದರು. ಅಪ್ಪ ಉಬ್ಬಿಹೋಗಿ ಚಾರ್ಟನ್ನು ತಂದು ಬೋರ್ಡಿಗೆ ಅಂಟಿಸಿದ್ದರು.

ಅದರ ಕೊನೆಯ ಸಾಲು ಹೀಗಿತ್ತು: ಕೆಳಗಿನ ಕೋಣೆ, 0.

ಆ ಸೊನ್ನೆಯ ಸುತ್ತ ಈಗ ಯಾರೋ ಕೆಂಪು ಇಂಕಿನಲ್ಲಿ ಗುಂಡಗೆ ಗೆರೆ ಎಳೆದಿದ್ದರು. ಪಕ್ಕದಲ್ಲಿ ಟೈಪ್ ಮಾಡಿದ ನೋಟಿಸು ಇತ್ತು. “ಭಾನುವಾರ ಬೆಳಿಗ್ಗೆ ಹತ್ತಕ್ಕೆ ಸಭೆ. ವಿಷಯ: ಉಪಯೋಗವಿಲ್ಲದ ಕೆಳಗಿನ ಕೋಣೆಯನ್ನು ಪಾರ್ಸೆಲ್ ಕಂಪನಿಯವರ ಗೋದಾಮಿಗೆ ಬಾಡಿಗೆ ಕೊಡುವುದು. ಆಧಾರ: ಪಕ್ಕದ ಚಾರ್ಟು. ಇಂತಿ, ಕಾರ್ಯದರ್ಶಿ.”

ಉಪಯೋಗವಿಲ್ಲದ ಕೋಣೆಯಂತೆ! ಆ ಕೋಣೆ ಎಂಥದ್ದು ಅಂತ ಸ್ವಲ್ಪ ಹೇಳಿಬಿಡುತ್ತೇನೆ. ಆಮೇಲೆ ಮೆಣಸಿಗೆ ಕೋಪ ಬಂದದ್ದು ಸರಿಯೋ ತಪ್ಪೋ ನೀವೇ ಹೇಳಿ.

ಮಧ್ಯಾಹ್ನ ಎರಡರಿಂದ ರಾತ್ರಿ ಎಂಟರ ತನಕ ಅದರ ಬಾಗಿಲು ತೆರೆದಿರುತ್ತದೆ. ಆರು ಮನೆಯವರು ಪಾಳಿ ಹಾಕಿಕೊಂಡಿದ್ದಾರೆ. ದಿನಕ್ಕೊಂದು ಮನೆಯವರು ಅಲ್ಲಿ ಕೂತು, ಆರೂ ಮನೆಯ ಮಕ್ಕಳನ್ನು ನೋಡಿಕೊಳ್ಳುತ್ತಾರೆ. ಯಾರೂ ಯಾರಿಗೂ ಒಂದು ಪೈಸೆ ಕೊಡುವುದಿಲ್ಲ. ಅಲ್ಲಿ ಎರಡು ಚಾಪೆ, ಮೂಲೆ ಮುರಿದ ಕ್ಯಾರಂ ಬೋರ್ಡು, ಟೈಲರ್ ಆಂಟಿ ತುಂಡು ಬಟ್ಟೆಯಲ್ಲಿ ಹೊಲಿದ ದಿಂಬುಗಳು ಇವೆ. ಕಿಟಕಿಯ ಹತ್ತಿರ ತಾತನ ಕುರ್ಚಿ ಇದೆ.

ಎರಡು ವರ್ಷದ ಹಿಂದೆ ತಾತನಿಗೆ ಸ್ಟ್ರೋಕ್ ಆಗಿತ್ತು. ಬಲಗೈ ಬಲಗಾಲು ಹೇಳಿದ ಮಾತು ಕೇಳುವುದಿಲ್ಲ. ಒಮ್ಮೆ ಮನೆಯಲ್ಲಿ ಒಬ್ಬರೇ ಇದ್ದಾಗ ಗ್ಯಾಸ್ ಆನ್ ಮಾಡಿ, ಹಚ್ಚುವುದನ್ನೇ ಮರೆತಿದ್ದರು. ಪುಣ್ಯಕ್ಕೆ ಏನೂ ಆಗಲಿಲ್ಲ. ಅವತ್ತಿನಿಂದ ಅವರನ್ನು ಒಬ್ಬರನ್ನೇ ಬಿಡುವ ಹಾಗಿಲ್ಲ. ಬಸ್ ಕಂಡಕ್ಟರ್ ಆದ ಅಪ್ಪ ಎರಡು ಗಂಟೆಗೆ ಡ್ಯೂಟಿಗೆ ಹೊರಡುತ್ತಾರೆ. ಅಮ್ಮ ಬಿಸ್ಕೆಟ್ ಫ್ಯಾಕ್ಟರಿಯಿಂದ ಬರುವುದು ಏಳೂವರೆಗೆ. ನಡುವಿನ ಹೊತ್ತು ತಾತ ಕೆಳಗಿನ ಕೋಣೆಯಲ್ಲಿ.

ಮೆಣಸು ನಾಲ್ಕು ಮಹಡಿಯನ್ನೂ ಒಂದೇ ಉಸಿರಿನಲ್ಲಿ ಹತ್ತಿದಳು. ಲಿಫ್ಟು ಎಂದಿನಂತೆ ಕೆಟ್ಟು ಕೂತಿತ್ತು.

“ಸೆಕ್ರೆಟರಿ ಅಂಕಲ್! ಅದು ನನ್ನ ಹೋಂವರ್ಕು!”

“ಹೌದಮ್ಮ, ಎಷ್ಟು ಚೆನ್ನಾಗಿ ಮಾಡಿದ್ದೀಯ!” ಅಂಕಲ್ ಬಾಗಿಲಲ್ಲೇ ಚಪ್ಪಾಳೆ ತಟ್ಟಿದರು. “ಮೂವತ್ತು ವರ್ಷ ಆಫೀಸಲ್ಲಿ ಕೂತವನು ನಾನು. ಇಷ್ಟು ನೀಟಾದ ಲೆಕ್ಕ ನೋಡಿಲ್ಲ.”

“ಕೋಣೆ ಉಪಯೋಗ ಇಲ್ಲ ಅಂತ ನಾನು ಬರೀಲಿಲ್ಲ!”

“ಸೊನ್ನೆ ಅಂತ ಬರೆದಿದ್ದೀಯಲ್ಲ ಪುಟ್ಟಿ. ನಾನು ಹೇಳಿದ್ರೆ ಆ ಆರು ಮನೆಯವರು ಮೇಲೆ ಬೀಳ್ತಾರೆ. ಈಗ ಅವರ ಮನೆ ಹುಡುಗೀನೇ ಹೇಳಿದಾಳೆ. ಪಾರ್ಸೆಲ್‌ನೋರು ತಿಂಗಳಿಗೆ ಒಂಬತ್ತು ಸಾವಿರ ಕೊಡ್ತಾರೆ. ಲಿಫ್ಟ್ ರಿಪೇರಿ ಆಗತ್ತೆ. ಸೊನ್ನೆ ದೊಡ್ಡದೋ, ಒಂಬತ್ತು ಸಾವಿರ ದೊಡ್ಡದೋ?”

ಮೆಣಸಿಗೆ ಮೈಯೆಲ್ಲ ಉರಿಯಿತು. ಬೈದಿದ್ದರೆ ತಿರುಗಿ ಬೈಯಬಹುದಿತ್ತು. ಹೊಗಳುವವರಿಗೆ ಏನು ಹೇಳುವುದು?

ಆ ಸಂಜೆ ಅಡುಗೆಮನೆಯಲ್ಲಿ ಅಮ್ಮ ಫೋನಿನಲ್ಲಿ ಅಪ್ಪನ ಜೊತೆ ಮಾತಾಡುತ್ತಿದ್ದರು. ಮೆಣಸು ಬಾಗಿಲ ಸಂದಿಯಲ್ಲಿ ಕಿವಿಯಿಟ್ಟು ನಿಂತಳು.

“ಕೋಣೆ ಹೋದ್ರೆ ನಾನು ಕೆಲಸ ಬಿಡಬೇಕು ಅಷ್ಟೇ. ಇಲ್ಲಾಂದ್ರೆ ಮಾವನ್ನ ಕೇರ್ ಸೆಂಟರಿಗೆ ಸೇರಿಸಬೇಕು. ಊರಾಚೆ ಇದೆಯಂತೆ, ವಾರಕ್ಕೊಂದು ಸಲ ನೋಡಕ್ಕೆ ಬಿಡ್ತಾರಂತೆ... ನನಗೆ ಮಾತ್ರ ಇಷ್ಟಾನಾ ಹೇಳಿ? ಬೇರೆ ದಾರಿ ಏನಿದೆ?”

ಮೆಣಸು ಬಾಗಿಲಿಂದ ಹಿಂದೆ ಸರಿದಳು. ತಾತ ಹಾಲ್‌ನಲ್ಲಿ ಕೂತು ಎಡಗೈಯಲ್ಲಿ ಪೇಪರ್ ಮಡಚಲು ಹೆಣಗುತ್ತಿದ್ದರು. ಅವರಿಗೆ ಕೇಳಿಸಿತೋ ಇಲ್ಲವೋ ಗೊತ್ತಾಗಲಿಲ್ಲ.

ಮರುದಿನ ಕ್ಲಾಸಿನಲ್ಲಿ ಮಿಸ್ ಹಾಜರಿ ಕರೆದು ಮುಗಿಸುವ ಮೊದಲೇ ಮೆಣಸು ಎದ್ದು ನಿಂತಳು.

“ಮಿಸ್, ನೀವು ತಪ್ಪು ಪಾಠ ಮಾಡಿದ್ದೀರ.”

ಮಿಸ್ ಪೆನ್ನು ಕೆಳಗಿಟ್ಟರು. “ಏನಾಯ್ತು ಅಂತ ಮೊದಲು ಹೇಳು. ಆಮೇಲೆ ಬೈಯುವಂತೆ.”

ಮೆಣಸು ಎಲ್ಲವನ್ನೂ ಹೇಳಿದಳು. ಮಿಸ್ ನಗಲಿಲ್ಲ.

“ಚಾರ್ಟಲ್ಲಿ ತಪ್ಪಿಲ್ಲ ಕಣೆ. ದುಡ್ಡಿಲ್ಲದೆ ಒಬ್ಬರಿಗೊಬ್ಬರು ಮಾಡಿಕೊಡೋ ಕೆಲಸಾನ ಆ ಲೆಕ್ಕ ಹಿಡಿಯಲ್ಲ. ಟೈಲರ್ ಆಂಟಿ ಟೇಪು ತಗೊಂಡು ನಿನ್ನ ತೂಕ ಎಷ್ಟು ಅಂತ ನೋಡಕ್ಕಾಗತ್ತಾ? ಟೇಪು ಸುಳ್ಳು ಹೇಳಲ್ಲ. ಆದ್ರೆ ತೂಕ ನೋಡೋದು ಅದರ ಕೆಲಸ ಅಲ್ಲ.”

“ಹಾಗಾದ್ರೆ ಪೈಪ್ ಒಡೆದಿದ್ದು? ಅಂಕಲ್ ಅವತ್ತು ಅಳೋದೊಂದು ಬಾಕಿ. ಅದು ಯಾಕೆ ಸೇರತ್ತೆ?”

“ರಿಪೇರಿ ಕೆಲಸ ನಡೀತಲ್ಲ, ಸೇರತ್ತೆ.”

“ತಾತನ್ನ ಕೇರ್ ಸೆಂಟರಿಗೆ ಕಳಿಸಿದ್ರೆ?”

ಮಿಸ್ ಪೆನ್ನಿನ ಮುಚ್ಚಳ ಹಾಕಿದರು. “ಅಲ್ಲಿ ಫೀಸ್ ಕೊಡ್ತೀರಿ. ಅದೂ ಸೇರತ್ತೆ.”

“ನೋಡಿದ್ರಾ! ಜೊತೆಗಿಟ್ಕೊಂಡು ನೋಡ್ಕೊಂಡ್ರೆ ಸೊನ್ನೆ, ದೂರ ಕಳಿಸಿದ್ರೆ ಸಾವಿರ ಸಾವಿರ! ಇದೆಂಥ ಲೆಕ್ಕ ಮಿಸ್, ಥೂ!”

“ಥೂ ಅನ್ನಬಾರದು” ಎಂದರು ಮಿಸ್. ಆದರೆ ದನಿಯಲ್ಲಿ ಕೋಪ ಇರಲಿಲ್ಲ. “ಇದರ ಬಗ್ಗೆ ಓದಿ ಓದಿ ಕೂದಲು ಬೆಳ್ಳಗಾದವರೂ ಜಗಳ ಆಡ್ತಾನೇ ಇದ್ದಾರೆ.”

“ಅವರ ಜಗಳ ಮುಗಿಯೋಷ್ಟರಲ್ಲಿ ಭಾನುವಾರ ಬಂದುಬಿಡತ್ತೆ!”

ಅಷ್ಟರಲ್ಲಿ ಅವಳಿಗೆ ಏನೋ ಹೊಳೆಯಿತು. “ಮಿಸ್, ಟೈಲರ್ ಆಂಟಿ ಅಮ್ಮನಿಗೆ ನೂರು ಕೊಟ್ಟು, ಅಮ್ಮ ಟೈಲರ್ ಆಂಟಿಗೆ ನೂರು ಕೊಟ್ರೆ?”

“ಆಗ ಇನ್ನೂರು ಸೇರತ್ತೆ” ಎಂದ ಮಿಸ್ ತಟ್ಟನೆ ಹುಬ್ಬೇರಿಸಿದರು. “ಏ, ಏನೇ ಅದು ನಿನ್ನ ಪ್ಲಾನು?”

ಬೆಲ್ ಹೊಡೆಯಿತು. ಮೆಣಸು ಏನೂ ಕೇಳಿಸದವಳ ಹಾಗೆ ಪುಸ್ತಕ ಜೋಡಿಸಿಕೊಂಡಳು.

ಬುಧವಾರ ಅಪ್ಪನಿಗೆ ರಜೆ, ಕೋಣೆಯ ಪಾಳಿಯೂ ಅವರದೇ. ಏಳೂವರೆಗೆ ಆರೂ ಮನೆಯವರು ಮಕ್ಕಳನ್ನು ಕರೆದೊಯ್ಯಲು ಬಂದು ಸೇರಿದರು. ಮೆಣಸು ಎಲ್ಲರನ್ನೂ ಗುಂಡಗೆ ನಿಲ್ಲಿಸಿದಳು.

“ಅಪ್ಪ, ಒಂದು ನೂರರ ನೋಟು ಕೊಡಿ.”

“ಒಂದೇನಾ?”

“ಒಂದೇ ಸಾಕು. ನಮ್ಮನೆಯಿಂದ ನರ್ಸ್ ಆಂಟಿ ಮನೆಗೆ, ಈ ವಾರ ನಮ್ಮನ್ನ ನೋಡ್ಕೊಂಡಿದ್ದಕ್ಕೆ. ನರ್ಸ್ ಆಂಟಿ, ನೀವೀಗ ಅದನ್ನ ಟೈಲರ್ ಆಂಟಿಗೆ ಕೊಡಿ. ಟೈಲರ್ ಆಂಟಿ, ನೀವು ಪಕ್ಕದವರಿಗೆ. ಹಾಗೇ ಸುತ್ತು ಬರಲಿ!”

“ಟಿಕೆಟ್, ಟಿಕೆಟ್! ಚಿಲ್ಲರೆ ಇಲ್ಲ, ಮುಂದೆ ಹೋಗಿ!” ಎಂದು ಅಪ್ಪ ಬಸ್ಸಿನಲ್ಲಿ ಕೂಗುವಂತೆಯೇ ಕೂಗಿದರು. ಮಕ್ಕಳು ಚಪ್ಪಾಳೆ ತಟ್ಟಿ ಎಣಿಸಿದರು. ನೋಟು ಕೈಯಿಂದ ಕೈಗೆ ಹಾರಿತು. ಪ್ರತಿ ಮನೆಯವರೂ ಉಳಿದ ಐದು ಮನೆಗೂ ಕೊಟ್ಟು ಮುಗಿಯುವಷ್ಟರಲ್ಲಿ ಮೂವತ್ತು ಸಲ ಕೈ ಬದಲಾಗಿ ಅಪ್ಪನ ಜೇಬಿಗೇ ವಾಪಸ್ ಬಂತು.

“ಮೂರು ಸಾವಿರ!” ಮೆಣಸು ಕಿರುಚಿದಳು. “ಕೆಳಗಿನ ಕೋಣೆಗೆ ಮೂರು ಸಾವಿರ!”

“ಇಷ್ಟೆಲ್ಲ ದುಡಿದು ಬರಿಗೈಲಿ ಮನೆಗೆ ಹೋಗ್ತಿದೀನಲ್ಲಪ್ಪ!” ಎಂದರು ನರ್ಸ್ ಆಂಟಿ. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ತಾತ ಕೂಡ ಕುರ್ಚಿಯಲ್ಲಿ ಕೂತು ನಕ್ಕರು.

ಇಲ್ಲಿಗೇ ನಿಲ್ಲಿಸಿದ್ದರೆ ಚೆನ್ನಾಗಿತ್ತು. ನಮ್ಮ ಮೆಣಸು ನಿಲ್ಲಿಸುವವಳೇ? ಸಭೆಯಲ್ಲಿ ಯಾರೂ ಪ್ರಶ್ನೆ ಕೇಳಬಾರದು, ಎಲ್ಲ ಪಕ್ಕಾ ಇರಬೇಕು ಅಂತ ಒಂದು ಪಟ್ಟಿ ಮಾಡಿದಳು. ಸ್ಕೇಲ್ ಇಟ್ಟು ನೇರವಾಗಿ ಎರಡು ಕಾಲಮ್ ಎಳೆದಳು. ಎಡಗಡೆ ‘ನೋಡಿಕೊಳ್ಳುವವರು’. ಅದರ ಕೆಳಗೆ ಆರು ಮನೆಯ ದೊಡ್ಡವರು. ಬಲಗಡೆ ‘ನೋಡಿಕೊಳ್ಳಬೇಕಾದವರು’. ಅದರ ಕೆಳಗೆ ಏಳು ಮಕ್ಕಳು. ಏಳನೆಯವಳು ಟೈಲರ್ ಆಂಟಿಯ ಆರು ವರ್ಷದ ಮಗಳು ಇಲಿಮರಿ. ಎಂಟನೆಯ ಹೆಸರು ತಾತ. ಅವತ್ತೇ ಕೋಣೆ ಮುಚ್ಚುವ ಮೊದಲು, ತಾತ ಇನ್ನೂ ಅಲ್ಲೇ ಇದ್ದಾಗ, ಪಟ್ಟಿಯನ್ನು ಕೋಣೆಯ ಗೋಡೆಗೆ ಅಂಟಿಸಿದಳು.

ಗುರುವಾರ ತಾತ ಕೆಳಗೆ ಬರಲಿಲ್ಲ. “ಕಾಲು ನೋಯ್ತಿದೆ” ಎಂದರು. ಶುಕ್ರವಾರವೂ ಕಾಲು ನೋವು. ಶನಿವಾರವೂ ಅದೇ. ಎರಡು ದಿನ ಅಮ್ಮ ಫ್ಯಾಕ್ಟರಿಯಿಂದ ಮಧ್ಯಾಹ್ನವೇ ಓಡಿ ಬರಬೇಕಾಯಿತು. ಮೂರನೇ ದಿನವೂ ಹೀಗಾದರೆ ಬರಲೇಬೇಡಿ ಅಂತ ಸೂಪರ್‌ವೈಸರ್ ಹೇಳಿದ್ದಕ್ಕೆ, ಶನಿವಾರ ಅಪ್ಪ ರಜೆ ಹಾಕಿದರು.

ಕೋಣೆಯಲ್ಲೂ ಏನೋ ಬೇರೆಯಾಗಿತ್ತು. ಶುಕ್ರವಾರ ನರ್ಸ್ ಆಂಟಿ ಪಾಳಿಗೆ ಇಪ್ಪತ್ತು ನಿಮಿಷ ತಡವಾಗಿ ಬಂದರು. “ದುಡ್ಡು ತಗೊಂಡು ಲೇಟಾ?” ಎಂದರು ಟೈಲರ್ ಆಂಟಿ. ತಮಾಷೆಗೇ ಅಂದಿದ್ದು. ಆದರೆ ನರ್ಸ್ ಆಂಟಿ ನಗಲಿಲ್ಲ. ಮುಂಚೆ ಅಲ್ಲಿ ಯಾರೂ ಗಡಿಯಾರ ನೋಡುತ್ತಿರಲಿಲ್ಲ.

ಭಾನುವಾರ ಒಂಬತ್ತೂವರೆಗೆ ಮೆಣಸು ಮೂರು ಸಾವಿರದ ಹೊಸ ಚಾರ್ಟು ಸುತ್ತಿ ಹಿಡಿದುಕೊಂಡು ತಾತನ ಮುಂದೆ ನಿಂತಳು.

“ಏಳು ತಾತ, ಸಭೆಗೆ ಹೊತ್ತಾಯ್ತು.”

“ನೀವು ಹೋಗಿ ಬನ್ನಿ ಮಗು. ನನಗೆ ಕಾಲು...”

“ಸುಳ್ಳು! ನಿನ್ನೆ ಅಡುಗೆಮನೆಗೆ ಮೂರು ಸಲ ಹೋಗಿ ಬಂದೆ. ಬಿಸ್ಕೆಟ್ ಡಬ್ಬಿ ತೆಗೆದಿದ್ದೂ ನೋಡಿದೀನಿ.”

ತಾತ ನಕ್ಕರು. ಆಮೇಲೆ ನಗು ತಾನಾಗಿಯೇ ಸಣ್ಣಗಾಯಿತು.

“ನಿನ್ನ ಪಟ್ಟಿ ನೋಡಿದೆ ಕಣೇ. ಅಕ್ಷರ ಮುತ್ತು ಪೋಣಿಸಿದ ಹಾಗಿದೆ. ನೋಡಿಕೊಳ್ಳೋರೆಲ್ಲ ಆ ಕಡೆ. ಇಲಿಮರಿ ಕೆಳಗೆ ನಾನು, ಈ ಕಡೆ. ಸರಿಯಾಗೇ ಬರೆದಿದ್ದೀಯ. ನಾನು ಬಂದು ಕೂತ್ರೆ ಅವರಿಗೆ ಒಬ್ಬ ಜಾಸ್ತಿ ಆಗ್ತಾನೆ, ಇನ್ನೇನು? ಕೇರ್ ಸೆಂಟರೇ ವಾಸಿ ಅಂತ ನಿಮ್ಮಪ್ಪನಿಗೆ ಹೇಳೋಣ ಅಂತಿದೀನಿ.”

ಮೆಣಸು ಸುತ್ತಿದ ಚಾರ್ಟನ್ನು ಇನ್ನೂ ಬಿಗಿಯಾಗಿ ಸುತ್ತಿದಳು.

ಒಂದು ವಾರದಿಂದ ಅವಳು ಸೆಕ್ರೆಟರಿ ಅಂಕಲ್ ಮೇಲೆ ಕೆಂಡ ಕಾರುತ್ತಿದ್ದಳು. ನಡುವೆ ಮಿಸ್ ಮೇಲೆ. ಮೊನ್ನೆ, ‘ಲೇಟಾ’ ಎಂದ ಟೈಲರ್ ಆಂಟಿಯ ಮೇಲೆ. ಈಗ ಆ ಕೋಪವೆಲ್ಲ ತಿರುಗಿ ಅವಳ ಕಡೆಗೇ ಬಂತು. ಕಾಲಮ್ ಎಳೆದ ಸ್ಕೇಲು ಅವಳದು. ತಾತನ ಹೆಸರು ಬರೆದ ಕೈಯೂ ಅವಳದೇ. ತಾತನನ್ನು ಅಡುಗೆಮನೆಯಲ್ಲಿದ್ದ ಅಮ್ಮನ ಜೊತೆ ಬಿಟ್ಟು ಅವಳು ಮೆಟ್ಟಿಲಿಳಿದು ಓಡಿದಳು.

ಕೆಳಗಿನ ಕೋಣೆಯಲ್ಲಿ ಹದಿನಾರು ಮನೆಯವರೂ ಸೇರಿದ್ದರು. ಮೆಣಸು ಸೀದಾ ಗೋಡೆಯ ಹತ್ತಿರ ಹೋಗಿ ತನ್ನ ಪಟ್ಟಿಯನ್ನು ಕಿತ್ತು ಎರಡು ಚೂರು ಮಾಡಿದಳು.

“ಏನಮ್ಮ, ಹೊಸ ಅಂಕಿ ತಂದಿದ್ದೀಯಂತೆ?” ಸೆಕ್ರೆಟರಿ ಅಂಕಲ್ ಕೈ ಚಾಚಿ ಚಾರ್ಟು ತೆಗೆದುಕೊಂಡರು. ಕನ್ನಡಕ ಏರಿಸಿ ಓದಿದರು. “ವಾರಕ್ಕೆ ಮೂರು ಸಾವಿರ! ಭೇಷ್! ಅಂದ್ರೆ ತಿಂಗಳಿಗೆ ಹನ್ನೆರಡು. ಇಷ್ಟು ದುಡಿಯೋ ಕೋಣೆಗೆ ನೀವೇ ಬಾಡಿಗೆ ಕೊಟ್ಟುಬಿಡಿ. ಪಾರ್ಸೆಲ್‌ನೋರು ಬೇಡವೇ ಬೇಡ.”

ಅಪ್ಪ ಹಣೆ ಚಚ್ಚಿಕೊಂಡರು. ಟೈಲರ್ ಆಂಟಿ ನರ್ಸ್ ಆಂಟಿಯ ಮುಖ ನೋಡಿದರು.

“ಅದು ಸುಳ್ಳು ಅಂಕಿ!” ಮೆಣಸಿನ ದನಿ ಕೋಣೆಯ ಆಚೆಗೂ ಕೇಳಿಸಿತು. “ಒಂದೇ ನೋಟು ಅದು. ಗಿರಗಿರ ಅಂತ ಸುತ್ತಿ ಅಪ್ಪನ ಜೇಬಿಗೇ ಬಂತು. ನಾನೇ ಮಾಡಿಸಿದ್ದು.”

“ಹಾಗಾದ್ರೆ ಮತ್ತೆ ಸೊನ್ನೇನೇ ಅಂದ ಹಾಗಾಯ್ತಲ್ಲ...”

“ಹೂಂ, ಸೊನ್ನೆ! ಕೋಣೆ ಮುಚ್ಚಿಬಿಡಿ ಅಂಕಲ್, ಅಂಕಿ ಹೇಗೆ ಏರತ್ತೆ ನೋಡಿ. ನಮ್ಮ ತಾತನ್ನ ಕೇರ್ ಸೆಂಟರಿಗೆ ಹಾಕ್ತೀವಿ, ಅದಕ್ಕೆ ಫೀಸು, ಬರ್ಕೊಳ್ಳಿ. ಇಲಿಮರೀನ ಡೇ ಕೇರಿಗೆ ಹಾಕ್ತಾರೆ, ಅದನ್ನೂ ಬರ್ಕೊಳ್ಳಿ. ತಾತ ಅಲ್ಲಿ ಊಟ ಬಿಡ್ತಾರೆ, ಡಾಕ್ಟರ್ ಬರ್ತಾರೆ, ಅದೂ ಸೇರತ್ತೆ! ಮೂರನೇ ಮಹಡಿ ಪೈಪ್ ಇನ್ನೊಂದು ಸಲ ಒಡೆದ್ರಂತೂ ಮುಗೀತು, ನಮ್ಮ ಕಟ್ಟಡವೇ ಫಸ್ಟು!”

“ಅಯ್ಯೋ, ನನ್ನ ಪೈಪ್ ತಂಟೆಗೆ ಬರಬೇಡವೇ ತಾಯಿ!” ಎಂದು ಮೂರನೇ ಮಹಡಿಯ ಅಂಕಲ್ ಎರಡೂ ಕೈ ಮುಗಿದರು. ಕೋಣೆಯೆಲ್ಲ ಗೊಳ್ಳೆಂದಿತು.

ಮೆಣಸು ಮಾತ್ರ ನಗಲಿಲ್ಲ. “ಇಲಿಮರಿಗೆ ಓದಕ್ಕೆ ಬರ್ತಿರಲಿಲ್ಲ. ತಾತ ದಿನಾ ಪಕ್ಕದಲ್ಲಿ ಕೂರಿಸ್ಕೊಂಡು, ಬೆರಳಿಟ್ಟು ಬೆರಳಿಟ್ಟು ಕಲಿಸಿದ್ರು. ಅದು ಯಾವ ಚಾರ್ಟಲ್ಲೂ ಇಲ್ಲ. ಅಂಕಲ್‌ಗೆ ಕೋಣೆ ಉಪಯೋಗ ಕಾಣಲಿಲ್ಲ ಅಂತ ನಾನು ಅಷ್ಟೊಂದು ಕೂಗಾಡಿದೆ. ತಾತ ಮಾಡೋದು ನನಗೂ ಕಾಣಲಿಲ್ಲ.”

ನರ್ಸ್ ಆಂಟಿ ಅವಳನ್ನು ಹತ್ತಿರ ಎಳೆದುಕೊಂಡು ಸೆರಗಿನಿಂದ ಮೂಗು ಒರೆಸಿದರು.

ಆಮೇಲೆ ದೊಡ್ಡವರ ಮಾತು ಶುರುವಾಯಿತು. ಒಬ್ಬರು ಎದ್ದು ಲಿಫ್ಟಿನ ಗತಿ ಏನು ಎಂದರು. ಲಿಫ್ಟಿಗೆ ಎಲ್ಲರೂ ತಿಂಗಳಿಗಿಷ್ಟು ಅಂತ ಹಾಕೋಣ, ಆರು ಮನೆಯವರು ಸ್ವಲ್ಪ ಜಾಸ್ತಿ ಹಾಕಲಿ ಎಂದರು ಮೂರನೇ ಮಹಡಿಯ ಅಂಕಲ್. ಅದು ಯಾವ ಕಾಲಕ್ಕೆ ಕೂಡತ್ತೆ ಎಂದು ಇನ್ನೊಬ್ಬರು ರೇಗಿದರು. ಅರ್ಧ ಗಂಟೆ ವಾದ ನಡೆಯಿತು. ಕೊನೆಗೆ ಕೈ ಎತ್ತಿಸಿದರು. ಕೋಣೆ ಹೀಗೇ ಇರಲಿ ಅನ್ನುವವರು ಒಂಬತ್ತು. ಬಾಡಿಗೆಗೆ ಹೋಗಲಿ ಅನ್ನುವವರು ಏಳು.

ಸೆಕ್ರೆಟರಿ ಅಂಕಲ್ ಫೈಲು ಕಂಕುಳಲ್ಲಿ ಇಟ್ಟುಕೊಂಡರು. ಮೊಣಕಾಲನ್ನು ಕೈಯಿಂದ ಒತ್ತಿ ಹಿಡಿದು, ಒಂದೊಂದೇ ಮೆಟ್ಟಿಲು ಹತ್ತತೊಡಗಿದರು. ಇನ್ನೂ ನಾಲ್ಕು ಮಹಡಿ ಹತ್ತಬೇಕಿತ್ತು. ಲಿಫ್ಟು ಲಿಫ್ಟು ಅಂತ ಅವರು ಯಾಕೆ ಬಡಿದುಕೊಳ್ಳುತ್ತಿದ್ದರು ಅಂತ ಮೆಣಸಿಗೆ ಆಗ ಗೊತ್ತಾಯಿತು. ಬೆಲ್ ಒತ್ತಿ ಒತ್ತಿ ಎಲ್ಲರ ಮನೆಯಲ್ಲೂ ಪ್ರಶ್ನೆ ಕೇಳಿದ್ದಳಲ್ಲ, ಇದನ್ನು ಮಾತ್ರ ಕೇಳಿರಲಿಲ್ಲ. ಅವಳು ಓಡಿ ಹೋಗಿ ಅವರ ಕೈಯಿಂದ ಫೈಲು ತೆಗೆದುಕೊಂಡಳು. ಅಂಕಲ್ ಬೇಡ ಎನ್ನಲಿಲ್ಲ. ನಾಲ್ಕನೇ ಮಹಡಿಯವರೆಗೂ ಅವಳು ಅವರ ಪಕ್ಕದಲ್ಲೇ ಒಂದೊಂದೇ ಮೆಟ್ಟಿಲು ಹತ್ತಿದಳು.

ಅಲ್ಲಿಂದ ಇಳಿದು ಮನೆಗೆ ಬಂದಾಗ ತಾತ ಅದೇ ಜಾಗದಲ್ಲಿ ಕೂತಿದ್ದರು.

“ತಾತ, ಕೋಣೆ ಉಳೀತು.”

“ಒಳ್ಳೇದಾಯ್ತು ಮಗು. ಒಳ್ಳೇದಾಯ್ತು.” ತಾತ ಕಿಟಕಿಯ ಕಡೆ ನೋಡುತ್ತಲೇ ಹೇಳಿದರು. ಮೇಲೇಳಲಿಲ್ಲ.

ನೀನು ಕಲಿಸಿದ್ದಕ್ಕೆ ಟ್ಯೂಷನ್ ಫೀಸ್ ಹಿಡಿದರೂ ಎಷ್ಟಾಗುತ್ತಿತ್ತು ಗೊತ್ತಾ ತಾತ, ಅಂತ ಹೇಳಲು ಮೆಣಸು ಬಾಯಿ ತೆರೆದಳು. ಅದೂ ಒಂದು ಲೆಕ್ಕವೇ ಅಲ್ಲವೇ ಅನ್ನಿಸಿ ಬಿಟ್ಟುಬಿಟ್ಟಳು. ಅವಳು ತಾತನ ಕಾಲ ಬಳಿ ನೆಲದ ಮೇಲೆ ಕೂತಳು. “ನಂದು ತಪ್ಪಾಯ್ತು” ಎಂದಳು, ತಲೆ ಎತ್ತದೆ. ತಾತ ಎಡಗೈಯನ್ನು ಅವಳ ತಲೆಯ ಮೇಲೆ ಇಟ್ಟರು, ಅಷ್ಟೇ.

ಬಾಗಿಲು ಧಡ್ ಎಂದು ತೆರೆಯಿತು. ಇಲಿಮರಿ ಒಳಗೆ ನುಗ್ಗಿದಳು. ಕಂಕುಳಲ್ಲಿ ಅವಳಷ್ಟೇ ದೊಡ್ಡ ಕತೆ ಪುಸ್ತಕ. ಮುಖ ಊದಿಕೊಂಡಿತ್ತು.

“ತಾತಾ! ನೀನ್ಯಾಕೆ ಬರ್ತಾನೇ ಇಲ್ಲ? ಮೊಲ ಗುಂಡಿಗೆ ಬಿದ್ದು ನಾಲ್ಕು ದಿನ ಆಯ್ತು!”

“ಮೊಲಾನಾ?”

“ಹೂಂ! ಮುಂದಿನ ಪೇಜಲ್ಲಿ ದೊಡ್ಡ ದೊಡ್ಡ ಪದ ಇದೆ. ನಂಗೊಬ್ಬಳಿಗೇ ಓದಕ್ಕೆ ಆಗ್ತಿಲ್ಲ. ಪಾಪ, ಅದು ಅಲ್ಲೇ ಇದೆ. ಊಟಾನೂ ಮಾಡಿಲ್ಲ!”

“ಈ ಅಕ್ಕನ ಕೈಲಿ ಓದಿಸ್ಕೋಬೇಕಿತ್ತು.”

“ಅಕ್ಕ ತಾನೇ ಬಡಬಡ ಅಂತ ಓದಿಬಿಡ್ತಾಳೆ. ನನಗೆ ಓದಕ್ಕೇ ಬಿಡಲ್ಲ. ನೀನು ಸುಮ್ನೆ ಕಾಯ್ತೀಯ. ಏಳು ತಾತ, ಕೆಳಗೆ ಹೋಗಿ ನನ್ನ ದಿಂಬಿನ ಮೇಲೆ ಓದೋಣ, ಏಳು!”

ತಾತ ಮೆಣಸಿನ ಕಡೆ ನೋಡಿದರು. ಇಲಿಮರಿಯ ಕಡೆ ನೋಡಿದರು. “ನಾಲ್ಕು ದಿನ ಉಪವಾಸ ಅಂದ್ರೆ ಕಷ್ಟಾನೇ” ಎಂದು ಕೋಲಿಗಾಗಿ ತಡಕಾಡಿದರು.

ಇಬ್ಬರೂ ಮೆಟ್ಟಿಲು ಇಳಿಯತೊಡಗಿದರು. ಪುಸ್ತಕವನ್ನು ಎತ್ತಿಕೊಂಡು ಮೆಣಸು ಹಿಂದೆಯೇ ಬಂದಳು. ತಾತನಿಗೆ ಬಲಗಾಲು ಇಡುವುದು ಕಷ್ಟವಾದಾಗ ಇಲಿಮರಿ ನಿಂತು, ಭುಜ ಕೊಟ್ಟು, “ನಿಧಾನ ತಾತ, ನಿಧಾನ” ಎನ್ನುತ್ತಿದ್ದಳು. ಅವಳು ಎರಡೆರಡು ಮೆಟ್ಟಿಲು ಹಾರಲು ಹೋದಾಗ ತಾತ ಅವಳ ಫ್ರಾಕನ್ನು ಹಿಂದಿನಿಂದ ಗಟ್ಟಿಯಾಗಿ ಹಿಡಿದು, “ನಿಧಾನ ಕಣೇ, ಬಿದ್ದೀಯ” ಎನ್ನುತ್ತಿದ್ದರು.

ಇವರಲ್ಲಿ ಯಾರ ಹೆಸರನ್ನು ಯಾವ ಕಡೆ ಬರೆಯಬೇಕು ಅಂತ ಮೆಣಸು ಯೋಚಿಸುತ್ತಾ ನಿಂತಳು. ಅಷ್ಟರಲ್ಲಿ ಅವರಿಬ್ಬರೂ ತಿರುವು ದಾಟಿದ್ದರು.

“ಬೇಗ ಬಾ ಅಕ್ಕಾ, ಪುಸ್ತಕ ನಿನ್ನ ಹತ್ರ ಇದೆ!” ಎಂದು ಇಲಿಮರಿ ಕೂಗಿದಳು.

“ಬಂದೆ” ಎಂದು ಮೆಣಸು ಇಳಿದಳು.